ಪುರದವರು ಮೊದಲು ಕೇಳಿದ್ದು ನೀರು

ವಿಶ್ವವಿದ್ಯಾಲಯದ ಸಂಶೋಧನೆ ಸಮಾಜವನ್ನು ತಲುಪಬೇಕು ಎಂಬ ಮಾತಿಗೆ ಈಗ ಯಾರದೂ ತಕರಾರಿಲ್ಲ. ಸಂಶೋಧನಾ ಪ್ರಸ್ತಾವದ ಅರ್ಜಿಯಲ್ಲಿ ಅದಕ್ಕೆಂದೇ ಒಂದು ಕಾಲಂ ಇರುತ್ತದೆ. ಅದನ್ನು ತುಂಬುವವರು ಸಾಮಾನ್ಯವಾಗಿ ಶಾಲೆಗಳಲ್ಲಿ ಉಪನ್ಯಾಸ, ಒಂದು ದಿನದ ಕಾರ್ಯಾಗಾರ, ಕನ್ನಡದಲ್ಲೊಂದು ಕರಪತ್ರ ಎಂದು ಬರೆಯುತ್ತಾರೆ. ಒಳ್ಳೆಯ ಕೆಲಸಗಳೇ. ಆದರೆ ಅವುಗಳಲ್ಲಿ ಮಾತು ಹರಿಯುವುದು ಒಂದೇ ಕಡೆಗೆ. ಏನನ್ನು ಹುಡುಕಬೇಕು ಎನ್ನುವುದು ತೀರ್ಮಾನವಾಗಿ, ಉತ್ತರವೂ ಸಿಕ್ಕಿ, ಆಮೇಲೆ ಜನರನ್ನು ಕೂರಿಸಿಕೊಂಡು ತಿಳಿಸಿಹೇಳುವ ಕೆಲಸ ಅದು. ಜನರ ಮಾತು ಕೇಳಿ ಸಂಶೋಧನೆಯ ಪ್ರಶ್ನೆಯೇ ಬದಲಾದದ್ದು ಎಲ್ಲಾದರೂ ಉಂಟೇ?

ಉಂಟು. ಅದೂ ನಮ್ಮ ತುಮಕೂರು ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ. 1977ರ ಲೆಕ್ಕದಂತೆ ಅಲ್ಲಿದ್ದದ್ದು 56 ಮನೆ, 357 ಜನ. ಭೌತಶಾಸ್ತ್ರ ಪಾಠ ಮಾಡುವವಳಾಗಿ ನಾನು ವಿದ್ಯಾರ್ಥಿಗಳಿಗೆ ಬಯೋಗ್ಯಾಸ್ ಬಗ್ಗೆ ಹೇಳುವಾಗ ಈ ಊರಿನ ಕಥೆಯನ್ನು ಬಿಡದೆ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ ಅದು ಇಲ್ಲ. ಇರಬೇಕಿತ್ತು.

ಕಥೆಯ ಬೇರು ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಳಬರ ಬಾಯಲ್ಲಿ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. 1909ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ 1970ರ ದಶಕದ ಹೊತ್ತಿಗೆ ವಿಮಾನ, ಲೋಹ, ರಸಾಯನ, ವಿದ್ಯುತ್ತು ಎಲ್ಲದರ ಅಧ್ಯಯನವೂ ಗಟ್ಟಿಯಾಗಿ ನಡೆಯುತ್ತಿತ್ತು. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅಲ್ಲಿ ಪ್ರಾಧ್ಯಾಪಕರು. ಬೆಂಗಳೂರಿನಲ್ಲೇ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದವರು. ವಿದ್ಯುತ್‌ರಸಾಯನದಲ್ಲಿ ಜಗತ್ತೇ ಬಲ್ಲ ಹೆಸರು. ಆ ವಿಷಯದ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಓದುವ ದೊಡ್ಡ ಪಠ್ಯದ ಇಬ್ಬರು ಲೇಖಕರಲ್ಲಿ ಅವರೊಬ್ಬರು. ಹಾಗೇ ಮುಂದುವರಿದಿದ್ದರೆ ಪ್ರಶಸ್ತಿಗಳೂ ಮನ್ನಣೆಯೂ ತಾವಾಗಿಯೇ ಬರುತ್ತಿದ್ದವು. ಆದರೆ ನಡುವಯಸ್ಸಿನಲ್ಲಿ ಅವರು ದಾರಿ ಬದಲಿಸಿದರು. ಸಂಸ್ಥೆಯ ಗೋಡೆಯಾಚೆಗಿರುವ ಹಳ್ಳಿಗೆ ಇಷ್ಟೆಲ್ಲ ವಿಜ್ಞಾನದಿಂದ ಸಿಕ್ಕಿದ್ದೇನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1974ರಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದಾಗ, ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಒಂದು ಘಟಕ ಸಂಸ್ಥೆಯೊಳಗೇ ಶುರುವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ 'ಅಸ್ತ್ರ' ಆಯಿತು.

ಆಗಿನ ಕಾಲಕ್ಕೆ ಇದು ಸಣ್ಣ ನಿರ್ಧಾರವಲ್ಲ. ಒಲೆ, ಇಟ್ಟಿಗೆ, ಸಗಣಿ ಇವು ಸಂಶೋಧನೆಗೆ ತಕ್ಕ ವಸ್ತುಗಳೆಂದು ಪ್ರಯೋಗಾಲಯದ ಜಗತ್ತು ಒಪ್ಪಿರಲಿಲ್ಲ. ಒಳ್ಳೆಯ ವಿದ್ಯಾರ್ಥಿ ಇಂಥದ್ದಕ್ಕೆ ಬಂದರೆ ಅವನ ಮುಂದಿನ ಗತಿ ಏನು ಎಂದು ಕೇಳುವವರು ಇದ್ದೇ ಇರುತ್ತಾರೆ, ಈಗಲೂ ಇದ್ದಾರೆ. ಆದರೂ ಸಿವಿಲ್ ಎಂಜಿನಿಯರಿಂಗಿನ ಕೆ.ಎಸ್. ಜಗದೀಶ್ ಅಂಥವರು, ಸಸ್ಯ ಮತ್ತು ಪರಿಸರದ ಕಡೆಯಿಂದ ಎನ್.ಎಚ್. ರವೀಂದ್ರನಾಥ್ ಅಂಥವರು ಈ ಕೆಲಸಕ್ಕೆ ಬಂದು ಸೇರಿದರು. ಬೇರೆ ಬೇರೆ ವಿಭಾಗದವರು ಒಂದೇ ಹಳ್ಳಿಯ ಕಡೆ ಮುಖ ಮಾಡಿದ್ದು ಆ ಘಟಕದ ದೊಡ್ಡ ಬಲ. ಅಡುಗೆಮನೆಯ ಹೊಗೆ ರಸಾಯನಶಾಸ್ತ್ರಕ್ಕೆ ಸೇರಿದ್ದೋ ವೈದ್ಯಕೀಯಕ್ಕೆ ಸೇರಿದ್ದೋ ಎಂದು ಹಳ್ಳಿ ಭಾಗ ಮಾಡಿ ಕೊಡುವುದಿಲ್ಲವಲ್ಲ.

ಬೆಂಗಳೂರಿನಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಒಂದು ವಿಸ್ತರಣಾ ಕೇಂದ್ರ ಕಟ್ಟಿಕೊಂಡರು. ನನಗೆ ಈ ದೂರವೇ ಮುಖ್ಯವಾಗಿ ಕಾಣುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡುವ ಹಾಗೆ ಬೆಂಗಳೂರಿನ ಅಂಚಿನ ಹಳ್ಳಿಯನ್ನು ಆರಿಸಿಕೊಳ್ಳಬಹುದಿತ್ತು. ಪಟ್ಟಣದ ನೆರಳು ಬೀಳದ ಊರು ಬೇಕಿತ್ತು, ಅಲ್ಲಿ ಉಳಿಯಲು ಜಾಗವೂ ಬೇಕಿತ್ತು.

ಉಳಿದುಕೊಂಡು ಅವರು ಮೊದಲು ಮಾಡಿದ್ದು ಲೆಕ್ಕ. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಶಕ್ತಿಯ ಸಮೀಕ್ಷೆ ನಡೆಯಿತು. ಪುರ, ಅರ್ಜುನಹಳ್ಳಿ, ಸುಗ್ಗೇನಹಳ್ಳಿ, ಕೀಲಾರ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅಲ್ಲಿಯ ತನಕ ದೇಶದ ಶಕ್ತಿಯ ಲೆಕ್ಕವೆಂದರೆ ಕಲ್ಲಿದ್ದಲು ಎಷ್ಟು, ಡೀಸೆಲ್ ಎಷ್ಟು, ಕರೆಂಟು ಎಷ್ಟು ಎಂಬುದು. ಮಾರಾಟವಾಗುವ ಶಕ್ತಿಯ ಲೆಕ್ಕ. ಅಸ್ತ್ರದವರು ಅದರ ಜೊತೆಗೆ ಸೌದೆಯನ್ನು ಎಣಿಸಿದರು, ಎತ್ತಿನ ದುಡಿಮೆಯನ್ನು ಎಣಿಸಿದರು, ಗಂಡಸು ಹೆಂಗಸು ಮಕ್ಕಳ ಮೈಕಸುವನ್ನೂ ಎಣಿಸಿದರು. ರಾಗಿ ಬೆಳೆಯಲು ಎಷ್ಟು, ಭತ್ತಕ್ಕೆ ಎಷ್ಟು, ಅಡುಗೆಗೆ ಎಷ್ಟು, ದೀಪಕ್ಕೆ ಎಷ್ಟು ಎಂದು ಒಂದು ಕಡೆ. ಆ ಶಕ್ತಿ ಬಂದದ್ದು ಸೌದೆಯಿಂದಲೋ ಸೀಮೆಎಣ್ಣೆಯಿಂದಲೋ ತೋಳಿನಿಂದಲೋ ಎಂದು ಇನ್ನೊಂದು ಕಡೆ.

ಲೆಕ್ಕ ಮುಗಿದಾಗ ಪುರದ ಒಟ್ಟು ಶಕ್ತಿಯಲ್ಲಿ ಶೇ. 90ರ ಆಸುಪಾಸು ಸೌದೆಯದೇ ಆಗಿತ್ತು. ಆ ಸೌದೆಯ ಬಹುಪಾಲು ಅಡುಗೆ ಒಲೆಗೆ, ಉಳಿದದ್ದರಲ್ಲಿ ಹೆಚ್ಚಿನದು ಬಚ್ಚಲ ಹಂಡೆಗೆ. ಕೊಂಡು ತಂದದ್ದು ಬಹಳ ಕಡಿಮೆ, ಹೆಚ್ಚಿನದೆಲ್ಲ ಆಯ್ದು ತಂದದ್ದು. ದುಡ್ಡು ಕೈ ಬದಲಾಯಿಸದ ಕಾರಣಕ್ಕೆ ಯಾವ ಸರ್ಕಾರಿ ಅಂಕಿಅಂಶದಲ್ಲೂ ಅದು ಕಾಣಿಸುತ್ತಿರಲಿಲ್ಲ. ಆಯುವ ಕೆಲಸ, ಹೊರುವ ಕೆಲಸ, ನೀರು ತರುವ ಕೆಲಸ ಹೆಂಗಸರ ಮತ್ತು ಮಕ್ಕಳ ಹೆಗಲ ಮೇಲಿತ್ತು. ಪಟ್ಟಣದಲ್ಲಿ ನಲ್ಲಿಯೂ ಗ್ಯಾಸೂ ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರ ಮೈ ಮಾಡುತ್ತಿತ್ತು. ಇದು ಹಳ್ಳಿಯ ಯಾವ ಹೆಂಗಸಿಗೂ ಹೊಸ ವಿಷಯವಲ್ಲ. ಆದರೆ ಅವಳ ದಿನದ ಗಂಟೆಗಳು ಒಂದು ವೈಜ್ಞಾನಿಕ ಕೋಷ್ಟಕದೊಳಗೆ, ಡೀಸೆಲ್ ಮತ್ತು ವಿದ್ಯುತ್ತಿನ ಪಕ್ಕದಲ್ಲೇ, ಅದೇ ಅಳತೆಗೋಲಿನಲ್ಲಿ ಕೂತದ್ದು ಹೊಸದು. ಹತ್ತು ವರ್ಷಗಳ ಬಳಿಕ, 1988ರಲ್ಲಿ, ಬ್ರೆಜಿಲ್, ಸ್ವೀಡನ್ ಮತ್ತು ಅಮೆರಿಕದ ಮೂವರ ಜೊತೆಗೂಡಿ ರೆಡ್ಡಿಯವರು ಜಗತ್ತಿನ ಶಕ್ತಿ ಯೋಜನೆಯ ಬಗ್ಗೆ ಬರೆದರು. ಎಷ್ಟು ಟನ್ ಇಂಧನ ಉರಿಯಿತು ಎಂದು ಕೇಳಬೇಡಿ, ಜನರಿಗೆ ಯಾವ ಸೇವೆ ಸಿಕ್ಕಿತು ಎಂದು ಕೇಳಿ ಎಂಬುದು ಅದರ ವಾದ. ಆ ವಾದಕ್ಕೆ ಮಣ್ಣು ಸಿಕ್ಕಿದ್ದು ಕುಣಿಗಲ್ ತಾಲ್ಲೂಕಿನಲ್ಲಿ ಎಂದೇ ನಾನು ನಂಬಿದ್ದೇನೆ.

ಈಗ ಪುರದ ಗ್ಯಾಸಿನ ವಿಷಯ. ಸೌದೆಯೇ ದೊಡ್ಡ ಸಮಸ್ಯೆ ಎಂದು ಲೆಕ್ಕ ತೋರಿಸಿದ ಮೇಲೆ ಮುಂದಿನ ಹೆಜ್ಜೆ ಸಹಜವಾಗಿತ್ತು. ಊರಿನ ದನಗಳ ಸಗಣಿಯನ್ನು ಒಂದೆಡೆ ಸೇರಿಸಿ, ಇಡೀ ಊರಿಗೆ ಒಂದು ಬಯೋಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡುವುದು. ಒಂದೊಂದೇ ಮನೆ ಸ್ವಂತ ಸ್ಥಾವರ ಕಟ್ಟಿಕೊಳ್ಳಬೇಕಾದರೆ ನಾಲ್ಕಾರು ದನವಾದರೂ ಬೇಕು. ಊರಿಗೆ ಒಂದು ಎಂದಾದರೆ ಒಂದು ಹಸು ಇದ್ದವರಿಗೂ ದನವೇ ಇಲ್ಲದವರಿಗೂ ಪಾಲು ಸಿಗುತ್ತದೆ. ಯೋಚನೆಯಲ್ಲಿ ನ್ಯಾಯವೂ ಇತ್ತು, ವಿಜ್ಞಾನವೂ ಇತ್ತು.

ಆದರೆ ಅದು ನಡೆಯಲಿಲ್ಲ. ಮೇಯಲು ಹೋದ ದನ ಹಗಲಿಡೀ ಹೊಲದಲ್ಲಿ, ಗೋಮಾಳದಲ್ಲಿ ಸಗಣಿ ಹಾಕುತ್ತದೆ. ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯದಷ್ಟೇ. ಅಷ್ಟರಲ್ಲಿ ಎಲ್ಲ ಮನೆಯ ಎಲ್ಲ ಅಡುಗೆ ಆಗುವಷ್ಟು ಅನಿಲ ಹುಟ್ಟುವುದಿಲ್ಲ. ಅರ್ಧ ಅಡುಗೆಗೆ ಗ್ಯಾಸು, ಇನ್ನರ್ಧಕ್ಕೆ ಮತ್ತೆ ಸೌದೆ ಎಂದಾದರೆ ಸೌದೆ ತರುವ ನಡಿಗೆ ತಪ್ಪಲಿಲ್ಲ. ಅದಕ್ಕಿಂತ ಆಳದ ಕಾರಣ ಇನ್ನೊಂದಿತ್ತು. ಆಯ್ದು ತಂದ ಸೌದೆಗೆ ಕೈಯಿಂದ ದುಡ್ಡು ಹೋಗುತ್ತಿರಲಿಲ್ಲ. ಕಷ್ಟವಿತ್ತು, ಆದರೆ ಹೇಗೋ ಒಲೆ ಉರಿಯುತ್ತಿತ್ತು. ಊರವರ ಮನಸ್ಸಿನಲ್ಲಿ ಮೊದಲ ಸ್ಥಾನದಲ್ಲಿದ್ದ ತೊಂದರೆ ಬೇರೆಯೇ ಆಗಿತ್ತು. ಅವರೊಡನೆ ಕೂತು ಮಾತಾಡಿದಾಗ ಹೊರಬಂದದ್ದು ಕುಡಿಯುವ ನೀರು. ಕೆರೆಯ ತೆರೆದ ನೀರನ್ನು ಹೊತ್ತು ತಂದು ಕುಡಿಯುತ್ತಿದ್ದ ಊರು ಅದು. ಹೊಟ್ಟೆಯ ಕಾಯಿಲೆಗಳು ಅದರ ಜೊತೆಗೇ ಬರುತ್ತಿದ್ದವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಮೀಕ್ಷೆಯ ಅಂಕಿಗಳು ಸುಳ್ಳಾಗಿರಲಿಲ್ಲ. ಸೌದೆ ಶೇ. 90 ಎನ್ನುವುದು ನಿಜ. ಆದರೆ ಯಾವುದು ಹೆಚ್ಚು ಖರ್ಚಾಗುತ್ತಿದೆ ಎನ್ನುವುದನ್ನು ಕೋಷ್ಟಕ ಹೇಳಬಲ್ಲದು. ಯಾವುದು ಮೊದಲು ಸರಿಹೋಗಬೇಕು ಎಂದು ಹೇಳಬಲ್ಲವರು ಅಲ್ಲಿ ಬದುಕುವವರು. ಎಷ್ಟೋ ಸಂಶೋಧನಾ ಯೋಜನೆಗಳು ಈ ಹಂತದಲ್ಲಿ ಜನರ ಅರಿವಿನ ಕೊರತೆ ಎಂದು ವರದಿ ಬರೆದು ಕೈ ತೊಳೆದುಕೊಳ್ಳುತ್ತವೆ. ಪುರದಲ್ಲಿ ಹಾಗಾಗಲಿಲ್ಲ. ವಿಜ್ಞಾನಿಗಳು ತಮ್ಮ ಪ್ರಶ್ನೆಯನ್ನೇ ತಿದ್ದಿಕೊಂಡರು. ಸ್ಥಾವರ ಅದೇ, ಸಗಣಿ ಅದೇ, ಅನಿಲ ಅದೇ. ಅದನ್ನು ಒಲೆಗೆ ಕೊಡುವ ಬದಲು ಎಂಜಿನ್ನಿಗೆ ಕೊಟ್ಟರು. ಬಯೋಗ್ಯಾಸನ್ನು ಸ್ವಲ್ಪ ಡೀಸೆಲ್ ಜೊತೆ ಉರಿಸುವ ಎಂಜಿನ್ನು, ಅದಕ್ಕೊಂದು ಸಣ್ಣ ಜನರೇಟರ್, ಅದರಿಂದ ಕೊಳವೆಬಾವಿಯ ಪಂಪು. ನೀರು ಮೇಲಿನ ಟ್ಯಾಂಕಿಗೆ ಏರಿ ಊರೊಳಗಿನ ನಲ್ಲಿಗಳಿಗೆ ಇಳಿಯಿತು. ಸಂಜೆ ಅದೇ ವಿದ್ಯುತ್ತಿನಿಂದ ಮನೆಗಳಲ್ಲಿ 20 ವಾಟಿನ ಟ್ಯೂಬ್‌ಲೈಟ್ ಉರಿಯಿತು. 1987ರಲ್ಲಿ ಈ ವ್ಯವಸ್ಥೆ ಶುರುವಾಯಿತು. ಊರಿಗೆ ಅದಕ್ಕೂ ಮುಂಚೆಯೇ ಸರ್ಕಾರಿ ಕರೆಂಟಿನ ತಂತಿ ಬಂದಿತ್ತು. ಆದರೆ ಸಂಪರ್ಕವಿಲ್ಲದ ಮನೆಗಳು ಬಹಳ, ಇದ್ದವರಿಗೂ ಸಂಜೆ ಹೊತ್ತಿನ ವೋಲ್ಟೇಜು ಕೆಂಪಗೆ ಮಿಣುಕುವಷ್ಟೇ. ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದ ಮನೆಗೆ ಬಿಳಿ ಬೆಳಕು ಕೊಟ್ಟದ್ದು ಊರಿನದೇ ಸಗಣಿ.

ಯಂತ್ರಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು ಅವರು ಕಟ್ಟಿದ ಕೊಡುಕೊಳ್ಳುವಿಕೆ. ಮನೆಯವರು ಬೆಳಿಗ್ಗೆ ಮಂಕರಿಯಲ್ಲಿ ಸಗಣಿ ತಂದು ಸ್ಥಾವರದಲ್ಲಿ ತೂಗಿಸಿ ಹಾಕಬೇಕು. ಕಿಲೋಗೆ 2 ಪೈಸೆ ತಲುಪಿಸಿದ ಕೂಲಿ. ಅನಿಲ ಬಿಟ್ಟ ಮೇಲೆ ಉಳಿಯುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಬಸಿದು, ಯಾರು ಎಷ್ಟು ಸಗಣಿ ತಂದರೋ ಆ ಪಾಲಿನಂತೆ ಗೊಬ್ಬರವಾಗಿ ವಾಪಸು ಕೊಡಬೇಕು. ತಿಪ್ಪೆಗೆ ಹೋಗುವ ಸಗಣಿಯನ್ನು ಸ್ಥಾವರಕ್ಕೆ ಕೊಟ್ಟರೆ ಹೊಲಕ್ಕೆ ಏನು ಹಾಕಲಿ ಎಂಬ ರೈತನ ಪ್ರಶ್ನೆಗೆ ಇದು ಉತ್ತರ. ಸಾರಜನಕ ಹಾಗೇ ಉಳಿದಿರುತ್ತದೆ, ಕಳೆಬೀಜ ಕಡಿಮೆಯಾಗಿರುತ್ತದೆ. ಸಗಣಿ ತಂದು ಹಾಕುವುದರಲ್ಲಿ ಹೆಂಗಸರ ಪಾಲೇ ದೊಡ್ಡದು. ಎಂಜಿನ್ ನಡೆಸಲು ಊರಿನದೇ ಇಬ್ಬರು ಹುಡುಗರು ತರಬೇತಿ ಪಡೆದರು. ಹಣಕಾಸು ನೋಡಿಕೊಳ್ಳಲು, ದೀಪ ಮತ್ತು ನೀರಿನ ಬಾಬ್ತು ವಸೂಲು ಮಾಡಲು ಊರವರದೇ ಒಂದು ಸಭೆ.

ಸಾಮೂಹಿಕ ಆಸ್ತಿ ಯಾರಿಗೂ ಬೇಡದ ಕೂಸು, ಪ್ರತಿಯೊಬ್ಬನೂ ತನಗೆ ಸಿಕ್ಕಷ್ಟು ಬಾಚಿಕೊಂಡು ಕೊನೆಗೆ ಎಲ್ಲರದ್ದೂ ಹಾಳಾಗುತ್ತದೆ ಎಂಬ ವಾದ ಆಗ ಜಗತ್ತಿನಲ್ಲೆಲ್ಲ ಪ್ರಬಲವಾಗಿತ್ತು. ರೆಡ್ಡಿಯವರು ಪುರವನ್ನು ಮುಂದಿಟ್ಟುಕೊಂಡು ಅದಕ್ಕೆ ಎದುರು ನಿಂತರು. ಸಗಣಿ ತರದಿದ್ದರೆ ನಾಳೆ ನನ್ನದೇ ಮನೆಯ ನಲ್ಲಿ ಒಣಗುತ್ತದೆ, ನನ್ನದೇ ದೀಪ ಆರುತ್ತದೆ. ಹಾಗಾಗಿ ಒಬ್ಬೊಬ್ಬರ ಹಿತವೂ ಊರಿನ ಹಿತವೂ ಇಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ, ಸಾಮೂಹಿಕ ಆಸ್ತಿ ವರವೂ ಆಗಬಲ್ಲದು ಎಂದರು. ನನ್ನ ಮಟ್ಟಿಗೆ ಇದು ದೊಡ್ಡ ಮಾತು. ಜನರ ಒಳ್ಳೆಯತನವನ್ನು ಮಾತ್ರ ನೆಚ್ಚಿಕೊಂಡ ಯೋಜನೆ ಬಹಳ ದಿನ ಬಾಳುವುದಿಲ್ಲ. ಜನ ಬರೀ ಸ್ವಾರ್ಥಿಗಳೆಂದು ಎಣಿಸಿದ ಯೋಜನೆ ಶುರುವಾಗುವುದೇ ಇಲ್ಲ.

ಆ ಅನಿಲ ಅಡುಗೆಗೆ ಸಾಲದಿದ್ದದ್ದು ನೀರಿಗೆ ಹೇಗೆ ಸಾಕಾಯಿತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಡುಗೆಗೆ ಬೇಕಾಗುವುದು ಬೃಹತ್ ಪ್ರಮಾಣದ ಶಾಖ, ಅದೂ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಒಂದೂರಿನ ಕುಡಿಯುವ ನೀರನ್ನು ಕೊಳವೆಬಾವಿಯಿಂದ ಮೇಲೆತ್ತಲು, ಮನೆಗೊಂದೆರಡು ಟ್ಯೂಬ್‌ಲೈಟ್ ಉರಿಸಲು ಬೇಕಾಗುವ ಶಕ್ತಿ ಅದರ ಮುಂದೆ ಬಹಳ ಸಣ್ಣದು. ಕೆಲವೇ ಗಂಟೆ ಓಡುವ ಸಣ್ಣ ಎಂಜಿನ್ನು ಅದನ್ನು ಮಾಡಿಬಿಡುತ್ತದೆ. ಊರವರ ಆದ್ಯತೆ ಭೌತಶಾಸ್ತ್ರಕ್ಕೂ ಹೆಚ್ಚು ಒಪ್ಪುವಂಥದ್ದಾಗಿತ್ತು.

ಈ ವ್ಯವಸ್ಥೆ ಹೆಚ್ಚುಕಡಿಮೆ ಒಂದು ದಶಕ ನಡೆಯಿತು. ಇದೇ ಮಾದರಿಯನ್ನು ಬೇರೆ ಕೆಲವು ಹಳ್ಳಿಗಳಿಗೂ ಒಯ್ದರು. 1990ರ ದಶಕದ ಕೊನೆಯ ಹೊತ್ತಿಗೆ ಪುರದ್ದೂ ನಿಂತಿತು, ಉಳಿದವೂ ನಿಂತವು. ರೆಡ್ಡಿಯವರು ಅದನ್ನು ಮುಚ್ಚಿಡಲಿಲ್ಲ. ತೀರಿಕೊಳ್ಳುವ ಎರಡು ವರ್ಷ ಮುಂಚೆ, 2004ರಲ್ಲಿ, ಪುರದಿಂದ ಕಲಿಯಬೇಕಾದ ಪಾಠಗಳೇನು ಎಂದು ಒಂದು ವಿವರವಾದ ಲೇಖನವನ್ನೇ ಪ್ರಕಟಿಸಿದರು. ಗೆದ್ದ ಪ್ರಯೋಗದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಿಂತುಹೋದ ಪ್ರಯೋಗದ ಬಗ್ಗೆ ಅದನ್ನು ಹುಟ್ಟುಹಾಕಿದವರೇ ಕೂತು ಬರೆಯುವುದು ಅಪರೂಪ.

ಅದೇಕೆ ನಿಂತಿತು ಎಂಬುದಕ್ಕೆ ನನ್ನ ಓದಿನಿಂದ ನನಗೆ ಮುಖ್ಯವಾಗಿ ಕಂಡದ್ದು ಇದು. ಸ್ಥಾವರ ನಡೆಯುತ್ತಿದ್ದದ್ದು ನೀರಿಗೂ ಬೆಳಕಿಗೂ ಊರಿಗೆ ನೆಚ್ಚಬಹುದಾದ ಬೇರೆ ದಾರಿ ಇಲ್ಲದಿದ್ದ ಆಧಾರದ ಮೇಲೆ. ಸರ್ಕಾರದ ನೀರು, ಸರ್ಕಾರದ ಕರೆಂಟು ಒಂದೊಂದಾಗಿ ಹಳ್ಳಿಗಳಿಗೆ ಬಂದಂತೆಲ್ಲ, ಸಗಣಿ ಹೊರಬೇಕಾಗಿಲ್ಲದ ಇನ್ನೊಂದು ದಾರಿ ತೆರೆಯಿತು. ಒಬ್ಬೊಬ್ಬರ ಹಿತ ಊರಿನ ಹಿತದಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡಿತು. ಅದರಲ್ಲಿ ಊರವರ ತಪ್ಪೇನೂ ಕಾಣುವುದಿಲ್ಲ. ಪಟ್ಟಣದವರು ಯಾರೂ ತಮ್ಮ ನೀರಿಗಾಗಿ ದಿನಾ ಬೆಳಿಗ್ಗೆ ಮಂಕರಿ ಹೊರುವುದಿಲ್ಲ. ಇನ್ನೊಂದು ಪ್ರಶ್ನೆ ಸಂಸ್ಥೆಯ ಕಡೆಗೆ ತಿರುಗುತ್ತದೆ. ಸಂಶೋಧನಾ ಯೋಜನೆಗೆ ಮೂರು ವರ್ಷ, ಐದು ವರ್ಷ ಎಂಬ ಗಡುವಿರುತ್ತದೆ. ಎಂಜಿನ್ನಿನ ರಿಪೇರಿಗೆ, ಸಭೆಯ ಒಳಜಗಳಕ್ಕೆ ಅಂಥ ಗಡುವಿಲ್ಲ. ಹಳ್ಳಿಯ ನೀರು ಸರಬರಾಜನ್ನು ಒಂದು ಸಂಶೋಧನಾ ತಂಡ ಎಷ್ಟು ಕಾಲ ಹೊತ್ತು ನಿಲ್ಲಬಹುದು? ಅದನ್ನು ವಹಿಸಿಕೊಳ್ಳಬೇಕಾದ ಪಂಚಾಯಿತಿಯೂ ಇಲಾಖೆಯೂ ಮೊದಲ ದಿನದಿಂದ ಮೇಜಿನ ಸುತ್ತ ಕೂತಿರಬೇಕು. ಹತ್ತನೇ ವರ್ಷದಲ್ಲಿ ಕರೆದರೆ ಬರುವುದಿಲ್ಲ.

ಅಸ್ತ್ರದ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಹೆಚ್ಚು ಓಡಾಡಿದ್ದು ಬಯೋಗ್ಯಾಸಿನಿಂದಲ್ಲ, ಒಲೆಯಿಂದ. ಅಸ್ತ್ರ ಒಲೆ ಎಂದರೆ ನನ್ನ ವಯಸ್ಸಿನ ಯಾರಿಗಾದರೂ ಗೊತ್ತು. ಮೂರು ಪಾತ್ರೆ ಸಾಲಾಗಿ ಕೂರುವ, ಒಳಗೆ ಜಾಲರಿ ಇರುವ, ಹಿಂದೆ ಹೊಗೆ ಕೊಳವೆ ಇರುವ ಮಣ್ಣಿನ ಒಲೆ. ಹಳೆಯ ಮೂರುಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅಸ್ತ್ರ ಒಲೆ ಶೇ. 40ನ್ನು ದಾಟಿತ್ತು. ಗಾಳಿ ಎಲ್ಲಿಂದ ಎಷ್ಟು ಬರಬೇಕು, ಬಿಸಿ ಹೊಗೆ ಎರಡನೇ ಮೂರನೇ ಪಾತ್ರೆಯ ತಳಕ್ಕೆ ಹೇಗೆ ಸವರಿಕೊಂಡು ಹೋಗಬೇಕು ಎಂದು ಅಳೆದು ಮಾಡಿದ ವಿನ್ಯಾಸ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದ ಮೇಲೆ ಇದು ರಾಜ್ಯದ ಮೂಲೆಮೂಲೆಗೆ ಹೋಯಿತು.

ತಿಪಟೂರು ಕಡೆಯ ನಮ್ಮಜ್ಜಿಯ ಮನೆಗೂ ಬಂತು. ಒಲೆ ಕಟ್ಟುವವರು ಬಂದು ಅಚ್ಚು ಇಟ್ಟು ಕಟ್ಟಿಕೊಟ್ಟು ಹೋದರು. ಅಡುಗೆಮನೆಯ ತೊಲೆಗಳಿಗೆ ಹೊಸ ಮಸಿ ಹತ್ತುವುದು ನಿಂತಿತು, ಅಜ್ಜಿಯ ಕಣ್ಣುರಿ ಕಡಿಮೆಯಾಯಿತು, ಮೂರನೇ ಬಾಯಿಯ ಮೇಲೆ ಯಾವಾಗಲೂ ಬಿಸಿನೀರು. ಸ್ವಲ್ಪ ದಿನಕ್ಕೆ ಅಜ್ಜಿ ಮಚ್ಚಿನ ಹಿಂಬದಿಯಿಂದ ಕುಟ್ಟಿ ಒಲೆಯ ಬಾಯಿಯನ್ನು ದೊಡ್ಡದು ಮಾಡಿದಳು. "ಹೊಗೆ ಹೋಯ್ತು ಕಣ್ ಮಗಾ, ಅದೊಂದು ಪುಣ್ಯ. ಆದ್ರೆ ಸೌದೆ ಸಣ್ಣಗೆ ಸೀಳಕ್ಕೇ ಒಂದಾಳು ಬೇಕಲ್ಲ" ಎಂದಿದ್ದಳು. ತೆಂಗಿನ ಸೀಮೆಯವರು ನಾವು. ನಮ್ಮ ಒಲೆಗೆ ಹೋಗುವುದು ಉದ್ದನೆಯ ಗರಿ ಮಟ್ಟೆ, ಕುರುಂಬಳೆ, ಚಿಪ್ಪು. ಮಟ್ಟೆಯನ್ನು ಗೇಣುದ್ದ ತುಂಡು ಮಾಡುತ್ತ ಕೂತರೆ ಹೊಲದ ಕೆಲಸ ಯಾರು ನೋಡಬೇಕು? ಬಾಯಿ ದೊಡ್ಡದಾದ ಕೂಡಲೇ ಬೇಡದ ಗಾಳಿ ನುಗ್ಗುತ್ತದೆ, ದಕ್ಷತೆ ಇಳಿಯುತ್ತದೆ. ಅದು ಅಜ್ಜಿಗೂ ಗೊತ್ತಾಗಿತ್ತು, ಸೌದೆ ಸ್ವಲ್ಪ ಜಾಸ್ತಿ ಹೋಗುತ್ತದೆ ಎಂದು ತಾನೇ ಹೇಳುತ್ತಿದ್ದಳು. ತನ್ನ ಸಮಯಕ್ಕೂ ಸೌದೆಗೂ ನಡುವೆ ಅವಳು ತೂಗಿ ನೋಡಿ ಮಾಡಿದ ತೀರ್ಮಾನ ಅದು. ಆ ತೂಕ ಯಾವ ವರದಿಗೂ ಸೇರಲಿಲ್ಲ. ಒಲೆ ಕಟ್ಟಿಕೊಟ್ಟವರು ಆರು ತಿಂಗಳ ಮೇಲೆ ಬಂದು ಏನು ಬದಲಾಯಿಸಿಕೊಂಡೆ ತಾಯಿ, ಯಾಕೆ ಎಂದು ಕೇಳಿದ್ದರೆ ಒಲೆಯ ಮುಂದಿನ ವಿನ್ಯಾಸ ಅಲ್ಲಿಂದ ಶುರುವಾಗುತ್ತಿತ್ತು. ಸರ್ಕಾರಿ ಕಾರ್ಯಕ್ರಮ ಎಷ್ಟು ಒಲೆ ಕಟ್ಟಿದೆವು ಎಂದು ಎಣಿಸುವಂತೆ ರೂಪುಗೊಂಡಿತ್ತು; ಎಷ್ಟು ಒಲೆ ಉರಿಯುತ್ತಿವೆ ಎಂದು ಎಣಿಸುವುದು ಅದರ ನಂತರದ ಮಾತು.

ಒಲೆಯ ಕೆಲಸ ಅಲ್ಲಿಗೇ ಮುಗಿಯಲಿಲ್ಲ ಎನ್ನುವುದೂ ನಿಜ. ಸ್ವಾತಿ ಭೋಗ್ಲೆ ಮತ್ತು ಸಂಗಡಿಗರು 1993ರಲ್ಲಿ ಟೈಡ್ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದರು. ಅಡಿಕೆ ಬೇಯಿಸುವಂಥ ಸಣ್ಣ ಉದ್ದಿಮೆಗಳ ದೊಡ್ಡ ಒಲೆಗಳನ್ನು ಅವರು ಕೈಗೆತ್ತಿಕೊಂಡರು. ಅಲ್ಲಿ ಸೌದೆಗೆ ದುಡ್ಡು ಕೊಡಬೇಕು, ಹಾಗಾಗಿ ಉಳಿತಾಯ ಕಣ್ಣಿಗೆ ಕಾಣುತ್ತದೆ. ಒಲೆ ಕಟ್ಟುವ ಕಸುಬನ್ನು ಹೆಂಗಸರಿಗೆ ಕಲಿಸಿ ಅದನ್ನು ಅವರ ಸಂಪಾದನೆಯ ದಾರಿಯಾಗಿಸಿದರು. ಪುರದಲ್ಲಿ ಕಲಿತ ಪಾಠವೇ ಬೇರೆ ರೂಪದಲ್ಲಿ ಇಲ್ಲಿ ಕೆಲಸ ಮಾಡಿದೆ ಎನಿಸುತ್ತದೆ.

ಮಣ್ಣಿನ ಬ್ಲಾಕಿನದು ಮತ್ತೊಂದು ದಾರಿ. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರ ಸಂಶೋಧನೆಯಿಂದ ಬಂದದ್ದು. ನಮ್ಮ ಕೆಂಪು ಮರಳುಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ನೀರುಣಿಸಿ ಗಟ್ಟಿ ಮಾಡಿದರೆ ಸಾಕು. ಗೂಡಿನಲ್ಲಿ ಸುಡುವ ಗೊಡವೆಯಿಲ್ಲ. ಬಡವರ ಮನೆಗೆಂದು ಯೋಚಿಸಿದ ಈ ಬ್ಲಾಕಿಗೆ ಬೆಂಗಳೂರು ಮೈಸೂರುಗಳಲ್ಲಿ ಪರಿಸರದ ಕಾಳಜಿಯುಳ್ಳ ಮಧ್ಯಮವರ್ಗದವರು ಮನೆ ಕಟ್ಟಿಕೊಂಡರು. ಹಳ್ಳಿಯಲ್ಲಿ ಮಣ್ಣಿನ ಗೋಡೆ ಎಂದರೆ ಬಡತನದ ಗುರುತು, ಅದನ್ನು ಬಿಟ್ಟು ಮೇಲೇರಬೇಕು ಎಂಬ ಆಸೆ. ಆ ಆಸೆಯನ್ನು ತಪ್ಪೆನ್ನುವ ಹಕ್ಕು ಕಾಂಕ್ರೀಟಿನ ಮನೆಯಲ್ಲಿ ಕೂತ ನನಗಿಲ್ಲ. ತುಮಕೂರು ಜಿಲ್ಲೆಯದೇ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಿಂದ ವಿದ್ಯುತ್ ಮಾಡಿದ ಪ್ರಯೋಗದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದಕ್ಕೆ ಬೇರೆಯೇ ಬರಹ ಬೇಕು.

ಹೀಗೆ ಹೊರಗೆ ಬಂದದ್ದು ಅಸ್ತ್ರ ಒಂದೇ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಪ್ರಸಾರಾಂಗದ ಮೂಲಕ ಊರೂರಿನಲ್ಲಿ ಕನ್ನಡದ ಉಪನ್ಯಾಸ ಏರ್ಪಡಿಸಿ, ಅವನ್ನೇ ಸಣ್ಣ ಹೊತ್ತಗೆಗಳಾಗಿ ಅಚ್ಚು ಹಾಕಿಸಿ ಕೊಟ್ಟಿತು. ಕೃಷಿ ವಿಶ್ವವಿದ್ಯಾಲಯದ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು, ಅದು ಪದವಿಯ ಭಾಗ. ಭಾರತೀಯ ವಿಜ್ಞಾನ ಸಂಸ್ಥೆಯದೇ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ನಡೆಸುವ ಕೆರೆಗಳ ಸಮ್ಮೇಳನದಲ್ಲಿ ಶಾಲಾ ಮಕ್ಕಳು ತಮ್ಮ ಊರಿನ ಕೆರೆಯನ್ನು ತಾವೇ ಅಧ್ಯಯನ ಮಾಡಿ ಪ್ರಬಂಧ ಮಂಡಿಸುತ್ತಾರೆ. ಈ ಕೊನೆಯದು ನನಗೆ ತುಂಬ ಮೆಚ್ಚುಗೆ. ಅಲ್ಲಿ ಮಕ್ಕಳು ಕೇಳುಗರಾಗಿ ಉಳಿಯುವುದಿಲ್ಲ, ಅಳೆಯುವವರಾಗುತ್ತಾರೆ.

ನನ್ನ ವಿದ್ಯಾರ್ಥಿಗಳನ್ನೂ ಹಳ್ಳಿ ಸಮೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೇ, ಅಡುಗೆಗೆ ಯಾವ ಇಂಧನ ಎಂದು ಮೇಲಿನಿಂದ ಬಂದ ನಮೂನೆ ತುಂಬಿಸಬೇಕು. ಒಂದು ಜಗುಲಿಯ ಮೇಲೆ ಕೂತಿದ್ದ ಹೆಂಗಸು ನಮ್ಮ ಹುಡುಗನಿಗೆ ಹೇಳಿದರು: "ಬರ್ಕೊಳಪ್ಪ, ಬರ್ಕೊ. ಹೋದ್ಸಲ ಬಂದೋರೂ ಇದೇ ಕೇಳಿದ್ರು. ಏನ್ ಬರ್ಕೊಂಡ್ರಿ ಅಂತ ಒಬ್ರಾದ್ರೂ ಬಂದು ಓದಿ ಹೇಳ್ಲಿಲ್ಲ." ಹುಡುಗ ನನ್ನ ಮುಖ ನೋಡಿದ. ಆ ವರ್ಷದಿಂದ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ತುಂಬಿದ ನಮೂನೆಗಳ ಮೊತ್ತವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಅದೇ ಊರಿನ ಶಾಲೆಯ ಜಗುಲಿಯಲ್ಲಿ ಜನರಿಗೆ ಓದಿ ಹೇಳುವುದು, ತಪ್ಪಿದ್ದರೆ ಅವರ ಬಾಯಿಂದಲೇ ತಿದ್ದಿಸಿಕೊಳ್ಳುವುದು. ಮೊದಲ ಓದಿನಲ್ಲೇ ತಿದ್ದುಪಡಿಗಳು ಬಂದವು. ಅಡುಗೆಗೆ ಗ್ಯಾಸ್ ಎಂದು ನಾವು ಬರೆದ ಎಷ್ಟೋ ಮನೆಯವರು ಎದ್ದು, ಗ್ಯಾಸ್ ಇರೋದು ಕಾಫಿಗೆ, ಮುದ್ದೆಗೂ ಸ್ನಾನದ ನೀರಿಗೂ ಸೌದೆಯೇ ಎಂದರು. ನಮೂನೆಯಲ್ಲಿ ಒಂದೇ ಇಂಧನ ಬರೆಯಲು ಜಾಗವಿತ್ತು.

ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೊಸ ಹೆಸರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿದೆ. 1970ರ ದಶಕದ ಉಂಗ್ರದ ಸಮೀಕ್ಷೆ ಇಂಗ್ಲಿಷಿನ ವೈಜ್ಞಾನಿಕ ಪತ್ರಿಕೆಯಲ್ಲಿ 1982ರಲ್ಲಿ ಅಚ್ಚಾಯಿತು, ಜಗತ್ತಿನ ಎಷ್ಟೋ ಸಂಶೋಧಕರು ಅದನ್ನು ಓದಿದರು. ಅದು ಕನ್ನಡದಲ್ಲಿ, ಆ ಆರು ಊರಿನವರು ಓದುವಂತೆ, ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ಇರಬೇಕು. ಅದೇ ಆರು ಊರುಗಳಲ್ಲಿ ಈಗ ಮತ್ತೊಂದು ಸಮೀಕ್ಷೆಯೂ ನಡೆಯಬೇಕು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಬುಡ್ಡಿಯ ಜಾಗಕ್ಕೆ ಎಲ್‌ಇಡಿ ಬಂದಿದೆ, ಕೊಳವೆಬಾವಿಗಳು ಆಳಕ್ಕಿಳಿಯುತ್ತಲೇ ಇವೆ, ಹುಡುಗರು ಬೆಂಗಳೂರಿನ ಕೆಲಸಕ್ಕೆ ಹೋಗಿದ್ದಾರೆ. ಹಳೆಯ ಕೋಷ್ಟಕದ ಅಡ್ಡಸಾಲು ಉದ್ದಸಾಲುಗಳು ಇವಕ್ಕೆ ಸಾಲುವುದಿಲ್ಲ. ಹೊಸ ಸಾಲುಗಳು ಯಾವುವು ಎಂದು ಬೆಂಗಳೂರಿನಲ್ಲಿ ತೀರ್ಮಾನಿಸಿ ತರುವುದು ಬೇಡ. ಮೊದಲ ಸಭೆ ಪುರದಲ್ಲಿ ಸೇರಲಿ, ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಹೆಂಗಸರಿಗೆ ಅನುಕೂಲವಾಗುವ ಹೊತ್ತಿಗೆ, ಮತ್ತು ಅವತ್ತು ಯಾರೂ ನಮೂನೆ ತರದಿರಲಿ.